ತಕ್ಕಡಿಯಲ್ಲಿ ನಿಲ್ಲದ ಕಪ್ಪೆಗಳು

31 ವರ್ಷ ನಾನು ಕರಿಹಲಗೆಯ ಮೇಲೆ ಒಂದೇ ಹೆಸರನ್ನು ಬರೆದೆ: ರಾನಾ ಟೈಗ್ರಿನಾ. 1984ರಲ್ಲಿ ಸಕಲೇಶಪುರದ ಕಡೆಯ ಒಂದು ಸಣ್ಣ ಕಾಲೇಜಿಗೆ ಪ್ರಾಣಿಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ವಾರದಿಂದ ನಿವೃತ್ತಿಯ ವರ್ಷದವರೆಗೂ ಆ ಹೆಸರು ನನ್ನ ಕೈಯಲ್ಲಿ ತಾನಾಗಿಯೇ ಬರುತ್ತಿತ್ತು. ಕೆಳಗೊಂದು ಗೆರೆ ಎಳೆದು, ಪಕ್ಕದಲ್ಲಿ ಕಪ್ಪೆಯ ಚಿತ್ರ ಬಿಡಿಸಿ, ಮಕ್ಕಳು ಬರೆದುಕೊಂಡರೇ ಎಂದು ನೋಡಿ ಮುಂದೆ ಹೋಗುತ್ತಿದ್ದೆ. ಆ ಹೆಸರು ಈಗ ಬದಲಾಗಿದೆ. ಗದ್ದೆಯ ಆ ದೊಡ್ಡ ಹಳದಿ ಕಪ್ಪೆಯನ್ನು ಈಗ ಹೊಪ್ಲೊಬ್ಯಾಟ್ರಾಕಸ್ ಟೈಗರಿನಸ್ ಎನ್ನುತ್ತಾರೆ. ಅದು ರಾನಾ ಕುಲಕ್ಕೆ ಸೇರಿದ್ದಲ್ಲವಂತೆ, ರಾನಾದ ಕುಟುಂಬಕ್ಕೂ ಸೇರಿದ್ದಲ್ಲವಂತೆ. ಹೆಸರು ಬದಲಾದರೆ ಕಪ್ಪೆಗೇನೂ ಆಗುವುದಿಲ್ಲ, ಮಳೆ ಬಿದ್ದ ರಾತ್ರಿ ಅದು ಹಿಂದಿನಂತೆಯೇ ವಟಗುಟ್ಟುತ್ತದೆ. ಆದರೆ ನಾನು ಕಲಿಸಿದ್ದು ಬರೀ ಹೆಸರಲ್ಲ, ಒಂದು ಸಂಬಂಧ. ಇವನು ಇಂಥವರ ಮನೆಯವನು ಎಂದು 31 ವರ್ಷ ಹೇಳಿದ ಮೇಲೆ, ಅಲ್ಲ, ಅವನ ಮನೆಯೇ ಬೇರೆ ಎಂದು ಗೊತ್ತಾದರೆ ಹೇಗಾಗಬೇಡ?

ಆ ಕಾಲದಲ್ಲಿ ನಮ್ಮ ಲ್ಯಾಬಿಗೆ ಕಪ್ಪೆಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಅಟೆಂಡರ್ ಹಿಂದಿನ ರಾತ್ರಿ ಟಾರ್ಚು ಹಿಡಿದು ಗದ್ದೆಗಿಳಿದು ಹಿಡಿದು ತರುತ್ತಿದ್ದ. ಮೇಣ ತುಂಬಿದ ಟ್ರೇಯಲ್ಲಿ ಕಪ್ಪೆಯನ್ನು ಅಂಗಾತ ಮಲಗಿಸಿ, ಕೈಕಾಲಿಗೆ ಗುಂಡುಸೂಜಿ ಚುಚ್ಚಿ, ಚರ್ಮ ಬಿಡಿಸಿ, ಎದೆಯ ಎಲುಬನ್ನು ಕತ್ತರಿಯಿಂದ ಕತ್ತರಿಸಿ ತೆಗೆದರೆ ಮಿಡಿಯುವ ಹೃದಯ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಅಂಕ ಇದ್ದದ್ದು ಹೃದಯಕ್ಕೆ, ರಕ್ತನಾಳಗಳಿಗೆ. ಕತ್ತರಿಸಿದ ಎಲುಬು ಕಸದ ಬುಟ್ಟಿಗೆ.

ಅಂಥ ಒಂದು ಮಧ್ಯಾಹ್ನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಮೇಡಂ, ಗೊದಮೊಟ್ಟೆಗೆ ಬಾಲ ಇರುತ್ತಲ್ಲ, ದೊಡ್ಡದಾದ ಮೇಲೆ ಯಾಕಿಲ್ಲ? ಇದರ ಮುತ್ತಜ್ಜನಿಗೆ ಇತ್ತಾ?’ ನಾನು ಗಡಿಯಾರ ನೋಡಿದೆ. ‘ಸಿಲಬಸ್ಸಿನಲ್ಲಿಲ್ಲ, ಕೆಲಸ ನೋಡು’ ಎಂದೆ. ಅವಳು ತಲೆ ತಗ್ಗಿಸಿದಳು. ಈ ಬರಹ ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ. ನನ್ನದೇ ಒಂದು ತಪ್ಪೊಪ್ಪಿಗೆಯೂ ಇದರಲ್ಲಿದೆ.

ಮೊದಲು ಬಾಲದ ವಿಷಯ. ಹೌದು, ಮುತ್ತಜ್ಜನಿಗೆ ಬಾಲ ಇತ್ತು. 1930ರ ದಶಕದಲ್ಲಿ ಮಡಗಾಸ್ಕರ್ ದ್ವೀಪದ ಉತ್ತರ ಭಾಗದಲ್ಲಿ ಮಾಸಿನೊ ಎಂಬ ಫ್ರೆಂಚ್ ಸಂಗ್ರಾಹಕನಿಗೆ ಒಂದು ಕಲ್ಲಿನ ಗಂಟು ಸಿಕ್ಕಿತು. ಒಳಗೆ ಒಂದು ಗೇಣಿಗಿಂತ ಚಿಕ್ಕದಾದ ಪ್ರಾಣಿಯ ಅಸ್ಥಿಪಂಜರದ ಅಚ್ಚು. ಪ್ಯಾರಿಸಿನ ಜಾನ್ ಪಿವೆತೊ ಅದನ್ನು ಅಧ್ಯಯನ ಮಾಡಿ 1936ರಲ್ಲಿ ಲೋಕಕ್ಕೆ ಪರಿಚಯಿಸಿದರು. ಇವತ್ತು ಅದರ ಹೆಸರು ಟ್ರಯಾಡೊಬ್ಯಾಟ್ರಾಕಸ್, ವಯಸ್ಸು ಸುಮಾರು 25 ಕೋಟಿ ವರ್ಷ. ತಲೆಬುರುಡೆ ನೋಡಿದರೆ ಕಪ್ಪೆ, ಬೆನ್ನು ನೋಡಿದರೆ ಅನುಮಾನ. ನಮ್ಮ ಟ್ರೇಯ ಕಪ್ಪೆಗೆ ಸೊಂಟಕ್ಕೆ ಮುಂಚೆ 8 ಬೆನ್ನುಮಣಿಗಳಿದ್ದರೆ ಇದಕ್ಕೆ 14. ಹಿಂದೆ ಮೋಟು ಬಾಲ. ಕಪ್ಪೆಯ ಮುಂಗಾಲಲ್ಲೂ ಹಿಂಗಾಲಲ್ಲೂ ಒಂದಕ್ಕೊಂದು ಬೆಸೆದುಕೊಂಡಿರುವ ಜೋಡಿ ಎಲುಬುಗಳು ಇದರಲ್ಲಿ ಇನ್ನೂ ಬೇರೆಬೇರೆಯಾಗಿಯೇ ಇವೆ. ಇದು ಇವತ್ತಿನ ಕಪ್ಪೆಯ ಹಾಗೆ ಹಾರುತ್ತಿರಲಿಲ್ಲ.

ಹಾರುವ ಮೈಕಟ್ಟು ಕಾಣಿಸುವುದು ಇನ್ನೂ 6 ಕೋಟಿ ವರ್ಷ ಕಳೆದ ಮೇಲೆ. ಅಮೆರಿಕದ ಅರಿಜೋನಾದಲ್ಲಿ, ನವಾಹೊ ಜನರ ನೆಲದಲ್ಲಿ ಸಿಕ್ಕ ಪ್ರೊಸಾಲಿರಸ್ ಎಂಬ ಪಳೆಯುಳಿಕೆಯನ್ನು 1995ರಲ್ಲಿ ಶುಬಿನ್ ಮತ್ತು ಜೆಂಕಿನ್ಸ್ ವಿವರಿಸಿದರು. ವಯಸ್ಸು ಸುಮಾರು 19 ಕೋಟಿ ವರ್ಷ. ಉದ್ದನೆಯ ಸೊಂಟದ ಎಲುಬು, ಉದ್ದನೆಯ ಹಿಂಗಾಲು ಎಲ್ಲ ಇದೆ. ಬಾಲ ಎಲ್ಲಿ ಹೋಯಿತು? ಅದರ ಬುಡದ ಮಣಿಗಳೆಲ್ಲ ಒಂದಾಗಿ ಬೆಸೆದು ಸೊಂಟದ ನಡುವೆ ಒಂದು ಕಡ್ಡಿಯಾಗಿ ಉಳಿದಿವೆ. ಯೂರೋಸ್ಟೈಲ್ ಎಂದು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದುದು ಅದನ್ನೇ. ಹುಡುಗಿ ಕೇಳಿದ ಬಾಲ ನನ್ನ ಬಾಣದ ತುದಿಯಲ್ಲೇ ಇತ್ತು.

ಗೊದಮೊಟ್ಟೆಯ ಬಾಲಕ್ಕೂ ಈಗ ಕಲ್ಲಿನ ಸಾಕ್ಷಿಯಿದೆ. ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ನೋಟೊಬ್ಯಾಟ್ರಾಕಸ್ ಎಂಬ ಪುರಾತನ ಕಪ್ಪೆಯ ಗೊದಮೊಟ್ಟೆಯೊಂದು ಕಲ್ಲಿನಲ್ಲಿ ಹಾಗೆಯೇ ಉಳಿದದ್ದು ಸಿಕ್ಕಿತು. 2024ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅದಕ್ಕೆ ಸುಮಾರು 16 ಕೋಟಿ ವರ್ಷ, ಉದ್ದ ಸುಮಾರು 16 ಸೆಂಟಿಮೀಟರ್. ಅಂದರೆ ನೀರಿನಲ್ಲಿ ಬಾಲ ಆಡಿಸಿ ಬೆಳೆದು, ಬಾಲ ಕರಗಿಸಿ ನೆಲಕ್ಕೆ ಬರುವ ಈ ಎರಡು ಜನ್ಮದ ಬದುಕು ಡೈನೋಸಾರ್‌ಗಳ ಕಾಲದಲ್ಲೇ ನಡೆದಿತ್ತು.

ಇಷ್ಟು ಮುತ್ತಜ್ಜನ ಕಥೆ. ನನ್ನನ್ನು ಹೆಚ್ಚು ಕಾಡುವುದು ನೆಂಟಸ್ತಿಕೆಯ ಕಥೆ. ಇವತ್ತು ಬದುಕಿರುವ 7,000ಕ್ಕೂ ಹೆಚ್ಚು ಬಗೆಯ ಕಪ್ಪೆಗಳಲ್ಲಿ ಯಾರಿಗೆ ಯಾರು ಏನಾಗಬೇಕು?

1758ರಲ್ಲಿ ಸ್ವೀಡನ್ನಿನ ಲಿನೇಯಸ್ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಈ ಪ್ರಶ್ನೆಯನ್ನು ಒಂದೇ ಪದದಲ್ಲಿ ಮುಗಿಸಿದ. ಕಪ್ಪೆ, ನೆಲಗಪ್ಪೆ, ಮರಗಪ್ಪೆ ಎಲ್ಲವೂ ರಾನಾ. ಈ ಜಾತಿಯ ಪ್ರಾಣಿಗಳ ಮೇಲೆ ಅವನಿಗೆ ಪ್ರೀತಿಯೂ ಇರಲಿಲ್ಲ, ತಣ್ಣಗಿನ ಮೈಯ ಅಸಹ್ಯ ಜೀವಿಗಳು ಎಂಬ ಭಾವನೆಯನ್ನು ಅವನು ಮುಚ್ಚಿಡಲಿಲ್ಲ. ಮುಂದಿನವರು ಆ ದೊಡ್ಡ ಮೂಟೆಯಿಂದ ಒಂದೊಂದನ್ನೇ ಹೊರಗೆ ತೆಗೆದರು. ಆದರೂ ಯಾವುದನ್ನು ಎಲ್ಲಿಡಬೇಕೆಂದು ತಿಳಿಯದಾಗ ರಾನಾ ಎನ್ನುವ ಅಭ್ಯಾಸ ಮುಂದಿನ 200 ವರ್ಷ ಹೋಗಲಿಲ್ಲ. ನಾನೂ ಆ ಅಭ್ಯಾಸದ ಕೊನೆಯ ಸಾಲಿನಲ್ಲಿ ನಿಂತವಳು.

ಆ ಅಭ್ಯಾಸಕ್ಕೆ ಸಿಕ್ಕಿಬಿದ್ದ ಒಂದು ಕಪ್ಪೆ ನಮ್ಮ ದಖನ್ನಿನದು. ಮುಂಬಯಿಯ ವರ್ಲಿ ಗುಡ್ಡದಲ್ಲಿ, ಲಾವಾ ಕಲ್ಲಿನ ಎರಡು ಪದರಗಳ ನಡುವೆ ಕಪ್ಪು ಜೇಡಿಕಲ್ಲಿನ ತೆಳು ಪದರವಿದೆ. ಅದರಲ್ಲಿ ಪುಟ್ಟಪುಟ್ಟ ಕಪ್ಪೆಗಳ ಅಸ್ಥಿಪಂಜರಗಳು, ಒಂದೆರಡಲ್ಲ, ರಾಶಿ. ಲಂಡನ್ನಿಗೆ ಹೋದ ಮಾದರಿಗಳನ್ನು ನೋಡಿದವನು ರಿಚರ್ಡ್ ಓವನ್, ಡೈನೋಸಾರ್ ಎಂಬ ಪದವನ್ನು ಲೋಕಕ್ಕೆ ಕೊಟ್ಟವನು. 1847ರಲ್ಲಿ ಅವನು ಈ ಕಪ್ಪೆಗೆ ರಾನಾ ಪುಸಿಲ್ಲಾ ಎಂದು ಹೆಸರಿಟ್ಟ. ಪುಸಿಲ್ಲಾ ಎಂದರೆ ಪುಟ್ಟದು. 1869ರಲ್ಲಿ ಕಲ್ಕತ್ತೆಯ ಜಿಯಾಲಾಜಿಕಲ್ ಸರ್ವೆಯಲ್ಲಿದ್ದ ಮೊರಾವಿಯಾದ ವಿದ್ವಾಂಸ ಫರ್ಡಿನೆಂಡ್ ಸ್ಟೊಲಿಚ್ಕ ಎಲುಬುಗಳನ್ನು ಮತ್ತೆ ನೋಡಿ, ರಾನಾ ಅಲ್ಲ, ಆಕ್ಸಿಗ್ಲಾಸಸ್ ಎಂದ. ಆಗ ಹೊಂಡಗಳಲ್ಲಿ ತೇಲುವ ಸಣ್ಣ ಕಪ್ಪೆಗಳಿಗಿದ್ದ ಹೆಸರು ಅದು. ಇಬ್ಬರೂ ಮಾಡಿದ್ದು ಒಂದೇ: ಇಂದಿನ ನಮ್ಮ ಹೊಂಡದ ಕಪ್ಪೆಯನ್ನು ಅಂದಿನ ಕಲ್ಲಿನೊಳಗೆ ಹುಡುಕಿದ್ದು. ಊರು ಅದೇ ಅಂದಮೇಲೆ ಮನೆತನವೂ ಅದೇ ಇರಬೇಕು ಎಂಬ ಲೆಕ್ಕ.

ಈ ಲೆಕ್ಕವನ್ನು ಮುರಿದವನು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಗ್ಲ್ಯಾಡ್ವಿನ್ ಕಿಂಗ್ಸ್ಲಿ ನೋಬಲ್. 1930ರಲ್ಲಿ ಅವನು ವರ್ಲಿಯ ಕಪ್ಪೆಗಳ ಮೇಲೆ ಒಂದು ಚಿಕ್ಕ ಪ್ರಬಂಧ ಬರೆದು, ಇದು ರಾನಾದ ಬಳಗವೇ ಅಲ್ಲ ಎಂದು ಇಂಡೊಬ್ಯಾಟ್ರಾಕಸ್ ಎಂಬ ಹೊಸ ಕುಲವನ್ನು ಮಾಡಿದ. ಇದರ ಎಲುಬುಗಳ ಹೋಲಿಕೆ ಅವನನ್ನು ಕರೆದೊಯ್ದದ್ದು ದೂರದ ಆಸ್ಟ್ರೇಲಿಯಾದ ಕಪ್ಪೆಗಳ ಕಡೆಗೆ. ಆಗ ಖಂಡಗಳು ಸರಿಯುತ್ತವೆ ಎಂದರೆ ಹೆಚ್ಚಿನ ಭೂವಿಜ್ಞಾನಿಗಳು ನಗುತ್ತಿದ್ದ ಕಾಲ. ಮುಂಬಯಿಯ ಗುಡ್ಡದ ಕಪ್ಪೆಗೆ ಆಸ್ಟ್ರೇಲಿಯಾದಲ್ಲಿ ನೆಂಟರು ಎನ್ನುವುದು ಸಣ್ಣ ಮಾತಲ್ಲ. ಅದರ ಸ್ಥಾನದ ಬಗ್ಗೆ ವಾದ ಇನ್ನೂ ಮುಗಿದಿಲ್ಲ, ಆದರೆ ಅದನ್ನು ರಾನಾ ಎಂದು ಮತ್ತೆ ಯಾರೂ ಕರೆಯಲಿಲ್ಲ.

ನೋಬಲ್ ಎಂಥ ಕಣ್ಣಿನವನು ಎಂಬುದಕ್ಕೆ ಇನ್ನೊಂದು ಪ್ರಸಂಗವಿದೆ. ವಿಯೆನ್ನಾದ ಪೌಲ್ ಕಾಮರರ್ ಎಂಬ ಜೀವವಿಜ್ಞಾನಿ, ಒಂದು ಬಗೆಯ ನೆಲಗಪ್ಪೆಯನ್ನು ನೀರಿನಲ್ಲಿ ಕೂಡುವಂತೆ ಪಳಗಿಸಿದ್ದರಿಂದ ಅದರ ಗಂಡುಗಳ ಕೈಯಲ್ಲಿ ಕಪ್ಪು ಗಡಸು ತೇಪೆಗಳು ಹುಟ್ಟಿ ಮುಂದಿನ ಪೀಳಿಗೆಗೂ ಇಳಿದವು ಎಂದು ಹೇಳಿದ್ದ. ಗಳಿಸಿದ ಗುಣ ಮಕ್ಕಳಿಗೆ ಬರುತ್ತದೆ ಎನ್ನುವ ಈ ಮಾತಿನ ಸುತ್ತ ಯೂರೋಪಿನಲ್ಲಿ ದೊಡ್ಡ ಜಗಳವೇ ನಡೆಯಿತು. ಉಳಿದಿದ್ದ ಸಾಕ್ಷಿ ಎಂದರೆ ಜಾಡಿಯೊಳಗಿನ ಒಂದು ಕಪ್ಪೆ. ನೋಬಲ್ ವಿಯೆನ್ನಾಕ್ಕೆ ಹೋಗಿ ಅದನ್ನು ಪರೀಕ್ಷಿಸಿ, ತೇಪೆ ಇಲ್ಲ, ಆ ಕಪ್ಪು ಬಣ್ಣ ಇಂಡಿಯನ್ ಇಂಕು ಎಂದು 1926ರ ಆಗಸ್ಟಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ. ಮುಂದಿನ ತಿಂಗಳು ಕಾಮರರ್ ಗುಂಡು ಹಾರಿಸಿಕೊಂಡು ಸತ್ತ. ಶಾಯಿ ಚುಚ್ಚಿದವರು ಯಾರು ಎನ್ನುವ ಚರ್ಚೆ ಇವತ್ತಿಗೂ ಇದೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ಜಾಡಿ. ಅದನ್ನು ಯಾರೋ ಎತ್ತಿಟ್ಟಿದ್ದರು, ಅದಕ್ಕೇ ಇನ್ನೊಬ್ಬರು ಬಂದು ನೋಡುವುದು ಸಾಧ್ಯವಾಯಿತು.

ಎಲುಬು ನೋಡಿ ಸಂಬಂಧ ಹೇಳುವ ಈ ವಿದ್ಯೆ ಬಹುಪಾಲು ನಿಂತಿದ್ದದ್ದು ಭುಜದ ಪಟ್ಟಿಯ ಮೇಲೆ ಮತ್ತು ಬೆನ್ನುಮಣಿಗಳ ಆಕಾರದ ಮೇಲೆ. ಎದೆಯ ನಡುವೆ ಎರಡು ಕಡೆಯ ಎಲುಬುಗಳು ಸೇರುವ ರೀತಿ ಎರಡು. ಕೆಲವು ಕಪ್ಪೆಗಳಲ್ಲಿ ಅವು ಕೈಮುಗಿದ ಹಾಗೆ ಅಂಚಿಗೆ ಅಂಚು ಕೂಡುತ್ತವೆ. ಇನ್ನು ಕೆಲವದರಲ್ಲಿ ಪಂಚೆಯ ಸೆರಗಿನಂತೆ ಒಂದರ ಮೇಲೊಂದು ಬರುತ್ತವೆ. 1860ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಕೋಪ್ ಇದನ್ನು ಹಿಡಿದು ಕಪ್ಪೆಗಳನ್ನು ವಿಂಗಡಿಸಿದ. ಮುಂದೆ ಹಲವು ದಶಕ ಕಪ್ಪೆಯ ಕುಲಗೋತ್ರ ಕೇಳಿದವರು ಮೊದಲು ನೋಡಿದ್ದು ಅದರ ಎದೆಯನ್ನು. ಇದನ್ನು ನಾನು ಓದಿದ್ದು ನಿವೃತ್ತಿಯಾದ ಮೇಲೆ. ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ವರ್ಷಕ್ಕೆ ನೂರಾರು ಕಪ್ಪೆಗಳಂತೆ, ಹೃದಯ ಕಾಣಲಿ ಎಂದು ಕತ್ತರಿಸಿ ನಾವು ಬುಟ್ಟಿಗೆ ಹಾಕುತ್ತಿದ್ದದ್ದು ಆ ಎಲುಬನ್ನೇ.

ಆಮೇಲೆ ಡಿಎನ್ಎ ಓದುವ ಕಾಲ ಬಂದಾಗ, ಈ ಎದೆಯ ಗುರುತನ್ನೂ ಪೂರಾ ನಂಬುವ ಹಾಗಿಲ್ಲ ಎಂದು ಗೊತ್ತಾಯಿತು. ದಕ್ಷಿಣ ಅಮೆರಿಕದ ಬಣ್ಣಬಣ್ಣದ ವಿಷಗಪ್ಪೆಗಳ ಎದೆ ರಾನಾದಂತೆ ಕೈಮುಗಿದೇ ಇದೆ, ಅದಕ್ಕೇ ಕೆಲವರು ಅವನ್ನು ರಾನಾದ ಬಳಗಕ್ಕೆ ಸೇರಿಸಿದ್ದರು. ಡಿಎನ್ಎ ಹೇಳಿದ್ದು, ಅವು ನೆಲಗಪ್ಪೆ, ಮರಗಪ್ಪೆಗಳ ಕಡೆಯವು, ಎದೆಯ ಹೋಲಿಕೆ ಬೇರೆಯಾಗಿಯೇ ಹುಟ್ಟಿದ್ದು ಎಂದು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಎಂದು ನಮ್ಮಲ್ಲಿ ಮಾತಿದೆಯಲ್ಲ, ಅದು ಇದಕ್ಕೇ ಹುಟ್ಟಿದಂತಿದೆ. ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ಹೊರಗೆ ಹಾರುತ್ತದೆ. ಆದರೆ ತೂಗುವವರು ತೂಗುವುದನ್ನು ಬಿಡಲಿಲ್ಲ.

ಹಾಗೆ ಬಿಡದೆ ತೂಗಿದವರಲ್ಲಿ ನಮ್ಮವರೊಬ್ಬರಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು ಎಂದು ವಿಜ್ಞಾನದವರು ಅವರನ್ನು ನೆನೆಯುತ್ತಾರೆ. ಆದರೆ ಅವರು ಮಲೆನಾಡಿನ ಹೊಳೆ, ತೋಡು, ಕೆಸರುಗಳಲ್ಲಿ ಕಪ್ಪೆ ಹುಡುಕಿದವರು. ಗೊದಮೊಟ್ಟೆಗಳ ಬಾಯಿ, ಹಲ್ಲಿನ ಸಾಲುಗಳನ್ನು ಎಣಿಸಿದವರು. 1917ರ ಹೊತ್ತಿಗೆ, ಜೂವಾಲಾಜಿಕಲ್ ಸರ್ವೆಯ ಮೊದಲ ನಿರ್ದೇಶಕ ನೆಲ್ಸನ್ ಆನಂಡೇಲ್ ಮತ್ತು ಅವರು ಸೇರಿ ಪಶ್ಚಿಮ ಘಟ್ಟದ ಒಂದು ವಿಚಿತ್ರ ಗೊದಮೊಟ್ಟೆಯನ್ನು ವಿವರಿಸಿದರು. ರಭಸದ ನೀರಿನಲ್ಲಿ ಕೊಚ್ಚಿಹೋಗದಂತೆ ಬಂಡೆಗೆ ಬಾಯಿಂದ ಅಂಟಿಕೊಳ್ಳುವ ಗೊದಮೊಟ್ಟೆ ಅದು. ಅದು ಬೆಳೆದು ಯಾವ ಕಪ್ಪೆಯಾಗುತ್ತದೆ ಎಂಬುದು ಆಗ ತಿಳಿದಿರಲಿಲ್ಲ.

1937ರಲ್ಲಿ ನಾರಾಯಣ ರಾವ್ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಒಂದೇ ಪ್ರಬಂಧದಲ್ಲಿ ಹೆಸರಿಸಿದರು. ಆ ಹೆಸರುಗಳನ್ನು ನಾನು ಮೊದಲ ಸಲ ಓದಿದಾಗ ಬೆಚ್ಚಿದೆ. ಕೆಂಪ್‌ಹೊಳೆಯೆನ್ಸಿಸ್ ಎಂದು ಒಂದರ ಹೆಸರು. ಶಿರಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ನಾನು ಎಷ್ಟೋ ನೂರು ಸಲ ನೋಡಿದ ನಮ್ಮ ಕೆಂಪುಹೊಳೆ! ಇನ್ನೊಂದು ಪುಟ್ಟ ಪೊದೆಗಪ್ಪೆ ಸಿಕ್ಕಿದ್ದು ಮೂಡಿಗೆರೆಯ ಕೊಟ್ಟಿಗೆಹಾರದಲ್ಲಿ, ಅದರ ಹೆಸರು ಶೇಷಾಚಾರ್ ಅವರ ನೆನಪಿಗೆ. ಲ್ಯಾಟಿನ್ನಿನ ಗತ್ತಿನೊಳಗೆ ನಮ್ಮ ಊರು, ನಮ್ಮ ಹೊಳೆ, ನಮ್ಮ ಮೇಷ್ಟ್ರು. ನಾನು ಕಲಿಸಿದ ಯಾವ ಪಠ್ಯದಲ್ಲೂ ಇವು ಇರಲಿಲ್ಲ. ಕಾಲೇಜಿನಿಂದ ಒಂದು ಬಸ್ಸು ಹತ್ತಿದರೆ ಸಿಗುವ ಹೊಳೆಯ ಕಪ್ಪೆಯನ್ನು ಬಿಟ್ಟು ಗೋಣಿಚೀಲದ ಕಪ್ಪೆಯನ್ನೇ ಕೊಯ್ಯುತ್ತಾ ಕೂತಿದ್ದೆ.

ಹೊಸ ಪ್ರಾಣಿಗೆ ಹೆಸರಿಡುವಾಗ ಒಂದು ಕ್ರಮವಿದೆ. ಯಾವ ದೇಹವನ್ನು ನೋಡಿ ಹೆಸರಿಟ್ಟರೋ ಅದನ್ನು ಜೋಪಾನ ಮಾಡಬೇಕು. ಟೈಪ್ ಸ್ಪೆಸಿಮೆನ್ ಎನ್ನುವ ಅದು ಜಮೀನಿನ ಮೂಲಪತ್ರವಿದ್ದಂತೆ. ಮುಂದೆ ತಕರಾರು ಬಂದರೆ ಎಲ್ಲರೂ ಅದನ್ನೇ ತೆಗೆದು ನೋಡಬೇಕು. ನಾರಾಯಣ ರಾವ್ ಹೆಸರಿಟ್ಟ ಕಪ್ಪೆಗಳ ಆ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಹೆಸರು ಉಳಿಯಿತು, ಅದು ಯಾರ ಹೆಸರು ಎಂದು ತೋರಿಸಲು ದೇಹ ಉಳಿಯಲಿಲ್ಲ. ಮುಂದಿನ ಸಂಶೋಧಕರು ಒಂದೆರಡು ಸಾಲಿನ ವಿವರಣೆ ಹಿಡಿದು ಊಹಿಸಬೇಕಾಯಿತು. ಕೆಲವು ಹೆಸರುಗಳು ದಶಕಗಳ ಕಾಲ ಪಟ್ಟಿಯಲ್ಲಿ ಹೆಸರಾಗಿ ಮಾತ್ರ ಉಳಿದವು.

ಇದನ್ನು ಓದಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ನನಗೆ 1998 ನೆನಪಾಯಿತು. ಆ ವರ್ಷ ನಮ್ಮ ಲ್ಯಾಬು ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಬೀರುವಿನಲ್ಲಿ ನನಗಿಂತ ಹಿಂದಿದ್ದ ಯಾರೋ ಮೇಷ್ಟ್ರು ಕೂಡಿಟ್ಟ 40ಕ್ಕೂ ಹೆಚ್ಚು ಗಾಜಿನ ಜಾಡಿಗಳಿದ್ದವು. ಕಪ್ಪೆ, ಗೊದಮೊಟ್ಟೆ, ಏಡಿ, ಹಾವಿನ ಮರಿ. ಫಾರ್ಮಲಿನ್ ಅರ್ಧಕ್ಕಿಳಿದು ಹಳದಿಯಾಗಿತ್ತು, ಚೀಟಿಯ ಶಾಯಿ ಕದಡಿಹೋಗಿತ್ತು. ಸಾಗಿಸಲು ಕಷ್ಟ, ವಾಸನೆ ಬೇರೆ. ಸ್ಟಾಕ್ ರಿಜಿಸ್ಟರಿನಲ್ಲಿ ‘ನಿರುಪಯುಕ್ತ’ ಎಂದು ಬರೆದು ಕೆಳಗೆ ನಾನೇ ಸಹಿ ಹಾಕಿದೆ. ಅಟೆಂಡರ್ ಕಾಂಪೌಂಡಿನ ಹಿಂದೆ ಗುಂಡಿ ತೋಡಿ ಹುಗಿದ. ಜಾಡಿಗಳನ್ನು ತೊಳೆದು ಹೊಸ ಲ್ಯಾಬಿನಲ್ಲಿ ಬಳಸಿದೆವು. ಆ ದಿನ ನನಗೆ ಒಂದು ಕೆಲಸ ಮುಗಿಯಿತು ಎನಿಸಿತ್ತು, ಅಷ್ಟೆ.

ಅವುಗಳಲ್ಲಿ ಮಹತ್ತರವಾದದ್ದು ಏನೋ ಇತ್ತು ಎಂದು ನಾನು ಹೇಳುತ್ತಿಲ್ಲ. ಚೀಟಿಗಳನ್ನು ಒಂದು ಸಲ ದೀಪಕ್ಕೆ ಹಿಡಿದು ಓದಲು ಯತ್ನಿಸಲೂ ಇಲ್ಲವಲ್ಲ, ಅದು ನನ್ನ ನೋವು. ಯಾವ ಹೊಳೆ, ಯಾವ ತಿಂಗಳು, ಯಾವ ವರ್ಷ ಎಂಬುದಿದ್ದರೆ ಅದು ಸಾಕ್ಷಿ. ಅದಿಲ್ಲದಿದ್ದರೆ ಬರೀ ಉಪ್ಪಿನಕಾಯಿ.

ಇನ್ನು ಒಳ್ಳೆಯ ಸುದ್ದಿ. 2011ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಇರುಳುಗಪ್ಪೆಗಳ ಇಡೀ ಕುಲವನ್ನು ಮರುಪರಿಶೀಲಿಸಿ 12 ಹೊಸ ಪ್ರಭೇದಗಳನ್ನು ಹೆಸರಿಸಿದರು. ಅದೇ ಕೆಲಸದಲ್ಲಿ, ಹೆಸರಾಗಿ ಮಾತ್ರ ಉಳಿದಿದ್ದ ಕೆಲವು ಕಪ್ಪೆಗಳು ಮತ್ತೆ ಸಿಕ್ಕವು. ನಾರಾಯಣ ರಾವ್ ಕೊಡಗಿನಿಂದ 1920ರಲ್ಲಿ ಹೆಸರಿಸಿದ್ದ ಇರುಳುಗಪ್ಪೆ 91 ವರ್ಷಗಳ ಮೇಲೆ, ಕೆಂಪುಹೊಳೆಯದು 70 ವರ್ಷಗಳಿಗೂ ಮಿಕ್ಕಿದ ಮೇಲೆ. ಮೂಲಪತ್ರ ಕಳೆದರೂ ಜಮೀನು ಅಲ್ಲೇ ಇತ್ತು. ಹೊಳೆ ಹರಿಯುತ್ತಿತ್ತು, ಕಾಡು ಉಳಿದಿತ್ತು, ಅದಕ್ಕೇ ಹುಡುಕಿದವರಿಗೆ ಕಪ್ಪೆ ಸಿಕ್ಕಿತು. ಇದಕ್ಕೆ ಒಂದು ವರ್ಷ ಮುಂಚೆ, 2010ರಲ್ಲಿ, ಪೊದೆಗಪ್ಪೆಗಳ ಒಂದು ದೊಡ್ಡ ಬಳಗಕ್ಕೆ ರಾವೊರ್ಕೆಸ್ಟಿಸ್ ಎಂಬ ಹೊಸ ಕುಲನಾಮ ಬಂತು. ಅದರೊಳಗಿನ ‘ರಾವ್’ ನಮ್ಮ ನಾರಾಯಣ ರಾವ್. ಆ ಪ್ರಬಂಧ ಅಚ್ಚಾದದ್ದು ಅವರೇ ಸಂಪಾದಿಸಿ ಬೆಳೆಸಿದ ‘ಕರೆಂಟ್ ಸೈನ್ಸ್’ನಲ್ಲಿ. ಕೊಟ್ಟಿಗೆಹಾರದ ಕಪ್ಪೆಯೂ ಈಗ ಆ ಕುಲದಲ್ಲಿದೆ.

ಆ ಅಂಟುಬಾಯಿಯ ಗೊದಮೊಟ್ಟೆಗೂ ತಂದೆತಾಯಿ ಸಿಕ್ಕರು. 2003ರಲ್ಲಿ ಬಿಜು ಮತ್ತು ಬೆಲ್ಜಿಯಂನ ಫ್ರಾಂಕಿ ಬೊಸ್ಸೈಟ್ ಕೇರಳದ ಇಡುಕ್ಕಿಯಿಂದ ಒಂದು ಕಪ್ಪೆಯನ್ನು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ನೇರಳೆ ಬಣ್ಣ, ಊದಿಕೊಂಡ ಮೈ, ಪುಟ್ಟ ಕಣ್ಣು, ಮುಂದೆ ಚೂಪು ಮೂತಿ. ಹೆಸರು ನಾಸಿಕಾಬ್ಯಾಟ್ರಾಕಸ್ ಸಹ್ಯಾದ್ರೆನ್ಸಿಸ್. ನೆಲದಾಳದಲ್ಲಿ ಗೆದ್ದಲು ತಿಂದು ಬದುಕಿ, ಮಳೆಗಾಲದ ಆರಂಭದಲ್ಲಿ ಕೆಲವೇ ದಿನ ಮೇಲೆ ಬಂದು ಮೊಟ್ಟೆಯಿಟ್ಟು ಮತ್ತೆ ಇಳಿಯುತ್ತದೆ. ವಿಜ್ಞಾನಕ್ಕೆ ಹೊಸದಾದರೂ ಅಲ್ಲಿನ ಜನಕ್ಕೆ ಹೊಸದೇನಲ್ಲ, ಮಲಯಾಳದಲ್ಲಿ ಅದನ್ನು ಪಾತಾಳ ತವಳ ಎನ್ನುತ್ತಾರೆ. ಅದರ ಡಿಎನ್ಎಗೆ ಅತಿ ಹತ್ತಿರವಾಗಿ ಕಂಡದ್ದು ಇಡೀ ಭಾರತದ ಯಾವ ಕಪ್ಪೆಯೂ ಅಲ್ಲ. ಸಾವಿರಾರು ಕಿಲೋಮೀಟರ್ ಸಮುದ್ರದಾಚೆ, ಸೆಶೆಲ್ಸ್ ದ್ವೀಪಗಳಲ್ಲಿ ಎಲೆಕಸದ ನಡುವೆ ಬದುಕುವ ಪುಟಾಣಿ ಕಪ್ಪೆಗಳ ಕುಟುಂಬ. ಅವುಗಳಲ್ಲಿ ಒಂದು ಬಗೆ ಬೆರಳುಗುರಿನಷ್ಟು.

ಉಪ್ಪುನೀರು ಕಪ್ಪೆಗೆ ವಿಷ. ಹಾಗಾದರೆ ನಡುವಿನ ಸಮುದ್ರ ದಾಟಿದ್ದು ಹೇಗೆ? ಅವು ದಾಟಲಿಲ್ಲ, ನೆಲವೇ ದಾಟಿತು. ಭಾರತ, ಸೆಶೆಲ್ಸ್, ಮಡಗಾಸ್ಕರ್ ಒಂದು ಕಾಲಕ್ಕೆ ಒಟ್ಟಿಗಿದ್ದವು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಕಳಚಿಕೊಂಡಿತು. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಸೆಶೆಲ್ಸ್ ಹಿಂದುಳಿಯಿತು. ಭಾರತ ತನ್ನ ಕಪ್ಪೆಗಳನ್ನು ಹೊತ್ತು ಉತ್ತರಕ್ಕೆ ಬಂದು ಏಷ್ಯಾಕ್ಕೆ ಬಡಿಯಿತು. 2003ರ ಪ್ರಬಂಧದ ಅಂದಾಜಿನಂತೆ ಈ ಎರಡು ಕಪ್ಪೆ ಮನೆತನಗಳು ಬೇರೆಯಾಗಿ ಸುಮಾರು 13 ಕೋಟಿ ವರ್ಷ. ಮರುವರ್ಷ ಇಂಥದೇ ಕಪ್ಪೆಯ ಬಗ್ಗೆ ಭಾರತದ ಇನ್ನೊಂದು ತಂಡ ಬರೆದ ಪ್ರಬಂಧ ಬಂದದ್ದೂ ‘ಕರೆಂಟ್ ಸೈನ್ಸ್’ನಲ್ಲೇ. ನೋಬಲ್ 1930ರಲ್ಲಿ ವರ್ಲಿಯ ಎಲುಬು ಹಿಡಿದು ದೂರದ ಖಂಡದ ಕಡೆ ಕೈತೋರಿಸಿದಾಗ ಕಾಣದಿದ್ದ ದಾರಿ ಇದು.

ವರ್ಲಿಯ ಆ ಪುಟ್ಟ ಕಪ್ಪೆಗಳ ಕಾಲವೇ ವಿಶೇಷ. ದಖನ್ ಲಾವಾ ಉಕ್ಕಿದ್ದು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ. ಒಂದು ಹರಿವು ತಣ್ಣಗಾಗಿ ಇನ್ನೊಂದು ಬರುವವರೆಗಿನ ಬಿಡುವಿನಲ್ಲಿ ಕೆರೆಗಳು ತುಂಬಿದವು, ಗಿಡ ಬೆಳೆಯಿತು, ಆಮೆ, ಕಪ್ಪೆ ಬಂದವು. ಮತ್ತೆ ಲಾವಾ ಬಂದು ಮುಚ್ಚಿತು. ಅದೇ ಹೊತ್ತಿನಲ್ಲಿ ಮೆಕ್ಸಿಕೋದಲ್ಲಿ ಆಕಾಶದ ಬಂಡೆಯೊಂದು ಬಿದ್ದು, ಹಕ್ಕಿಗಳಾಗಿ ಉಳಿದವನ್ನು ಬಿಟ್ಟರೆ ಡೈನೋಸಾರ್‌ಗಳ ಕಾಲವೇ ಮುಗಿಯಿತು. 2017ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು 156 ಪ್ರಭೇದಗಳ ಕಪ್ಪೆಗಳಲ್ಲಿ 95 ಜೀನ್‌ಗಳನ್ನು ಹೋಲಿಸಿ ಹೊಸ ವಂಶವೃಕ್ಷ ಬರೆದರು. ಅದರಂತೆ ಇಂದಿನ ಕಪ್ಪೆಗಳಲ್ಲಿ 100ಕ್ಕೆ ಸುಮಾರು 88ರಷ್ಟು, ಆ ವಿನಾಶದ ಗಡಿಯಲ್ಲಿ ಕವಲೊಡೆದ ಮೂರೇ ಮೂರು ಮನೆತನಗಳಿಂದ ಬಂದವು. ನನ್ನ ಟ್ರೇಯ ಕಪ್ಪೆ, ರಾನಾ, ಕೆಂಪುಹೊಳೆಯ ಇರುಳುಗಪ್ಪೆ ಮೂರೂ ಆ ಮೂರರಲ್ಲಿ ಒಂದೇ ಮನೆಯವು. ಅಂದರೆ ನಾನು ಕಲಿಸಿದ ಸಂಬಂಧ ಪೂರ್ತಿ ಸುಳ್ಳಲ್ಲ. ಅಣ್ಣತಮ್ಮ ಎಂದಿದ್ದೆ, ದಾಯಾದಿಗಳಾಗಿದ್ದರು.

ಈಗ ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದು ನಿಂತಿದೆ. ಒಳ್ಳೆಯದೇ ಆಯಿತು. ಆದರೆ ಕೊಯ್ಯದೆಯೂ ಕಲಿಸಬಹುದಾಗಿದ್ದ ಎಷ್ಟೊಂದನ್ನು ನಾನು ಕಲಿಸಲಿಲ್ಲ ಎನ್ನುವುದು ಮಳೆಗಾಲ ಬಂದಾಗಲೆಲ್ಲ ನೆನಪಾಗುತ್ತದೆ.

1998ರಲ್ಲಿ ಹುಗಿಯದೆ ಉಳಿದ ಒಂದು ಜಾಡಿ ನನ್ನ ಬಳಿ ಇದೆ. ಗಾಜು ಚೆನ್ನಾಗಿದೆ ಎಂದು ಆಮೇಲೆ ತೊಳೆಯಲು ಮನೆಗೆ ತಂದದ್ದು, ಹಾಗೆಯೇ ಅಟ್ಟದ ಮೇಲೆ ಉಳಿದುಬಿಟ್ಟಿತ್ತು. ಒಳಗೆ ಐದು ಗೊದಮೊಟ್ಟೆಗಳು, ಬಣ್ಣ ಹೋಗಿ ಬೆಳ್ಳಗಾಗಿವೆ. ಹೋದ ಜೂನಿನಲ್ಲಿ ಭೂತಗನ್ನಡಿ ಹಿಡಿದು ಚೀಟಿ ಓದಿದೆ. ‘ಹೊಳೆ’ ಎನ್ನುವುದು ಸ್ಪಷ್ಟವಾಗಿದೆ, ಅದರ ಹಿಂದಿನ ಅಕ್ಷರಗಳು ಹೋಗಿವೆ. ತಿಂಗಳು ಜೂನ್. ವರ್ಷ ಇಲ್ಲ. ಹೊಸ ದ್ರಾವಣ ತುಂಬಿಸಿ, ಹಳೆಯ ಚೀಟಿಯನ್ನು ಒಳಗೇ ಬಿಟ್ಟು, ಹೊರಗೊಂದು ಹೊಸ ಚೀಟಿ ಅಂಟಿಸಿದೆ. ಜಾಡಿ ಎಲ್ಲಿತ್ತು, ಯಾವಾಗ ಯಾರ ಕೈಗೆ ಬಂತು ಎಂದು ಪೆನ್ಸಿಲ್ಲಿನಲ್ಲಿ ಬರೆದೆ. ಪೆನ್ಸಿಲ್ ನೀರಿಗೆ ಕದಡುವುದಿಲ್ಲ. ಕಪ್ಪೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.